ಕೀ ತಿರುವಿದರೆ ಬರೀ ‘ಟಕ್’

ಪ್ರಶ್ನೆ: ನನ್ನದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಕೀ ತಿರುವಿದರೆ ‘ಟಕ್’ ಎಂಬ ಸದ್ದು ಮಾತ್ರ, ಸೆಲ್ಫ್ (ಸ್ಟಾರ್ಟರ್ ಮೋಟರ್) ತಿರುಗುವುದಿಲ್ಲ. ತಳ್ಳಿದರೆ ಸ್ಟಾರ್ಟ್ ಆಗುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಗುಣವಾಗಲಿಲ್ಲ. ಈಗ ಸೆಲ್ಫ್ ಮೋಟರನ್ನೇ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಬೇಕೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಈಗಲೇ ಬೇಡ. ತಳ್ಳಿದರೆ ಎಂಜಿನ್ ಹಿಡಿಯುತ್ತದೆ ಅಂದಮೇಲೆ ಪೆಟ್ರೋಲು, ಕಿಡಿ ಎರಡೂ ಸರಿಯಿವೆ. ದೋಷ ಇರುವುದು ಬ್ಯಾಟರಿಯಿಂದ ಸೆಲ್ಫ್‌ವರೆಗಿನ ದಾರಿಯಲ್ಲಿ, ಇಲ್ಲವೇ ಸೆಲ್ಫ್ ಒಳಗೆ. ತಾಮ್ರದ ತಂತಿ 60 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ರೋಧ ಸುಮಾರು ಕಾಲು ಭಾಗ ಏರುತ್ತದೆ. ತಣ್ಣಗಿದ್ದಾಗ ಹೇಗೋ ಸಾಲುತ್ತಿದ್ದ ವೋಲ್ಟೇಜು ಬಿಸಿಯಲ್ಲಿ ಸಾಲದೆ ಹೋಗುವುದು ಇದರಿಂದಲೇ.

ವೈರನ್ನು ಮಲ್ಟಿಮೀಟರಿನ ಓಮ್ ಸ್ಕೇಲಿನಲ್ಲಿ ಅಳೆದು ‘ಸರಿಯಿದೆ’ ಎಂದರೆ ದಯವಿಟ್ಟು ನಂಬಬೇಡಿ. ಸೆಲ್ಫ್ ತಿರುಗುವಾಗ 100 ಆಂಪಿಯರ್ ಹರಿಯಿತು ಎನ್ನಿ. 0.01 ಓಮ್ ರೋಧವಿದ್ದರೂ 1 ವೋಲ್ಟ್ ಅಲ್ಲೇ ಸತ್ತಿತು. ಸಾದಾ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.2 ಓಮ್ ತೋರಿಸುತ್ತದೆ. ಅದಕ್ಕೆ ಈ ದೋಷ ಎಲ್ಲಿ ಕಂಡೀತು? ಕೀ ತಿರುವಿ ಹಿಡಿದಿರುವಾಗಲೇ ವೋಲ್ಟೇಜ್ ನೋಡಬೇಕು.

ಗಾಡಿ ಬಿಸಿಯಾಗಿ ಹಟ ಹಿಡಿದಾಗಲೇ ಪರೀಕ್ಷಿಸಿ. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಗ್ನಿಷನ್ ಕಾಯಿಲ್‌ನ ಪಾಸಿಟಿವ್ ವೈರ್ ಕಳಚಿ ತುದಿಗೆ ಟೇಪ್ ಸುತ್ತಿ, ಆಗ ಕಿಡಿ ಬಾರದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಒಬ್ಬರು ಕೀ ಹಿಡಿಯಲಿ, ನೀವು ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ.

ಮೊದಲು ಬ್ಯಾಟರಿಯ ಸೀಸದ ಕಂಬಗಳ ಮೇಲೆಯೇ ಕಡ್ಡಿ ಒತ್ತಿ, ಕ್ಲಾಂಪಿನ ಮೇಲಲ್ಲ. ಪೂರ್ತಿ ಚಾರ್ಜಾದ ಬ್ಯಾಟರಿ 12.6 ತೋರಿಸಬೇಕು. ಕೀ ಹಿಡಿದಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ ಅಥವಾ ಮೋಟರ್ ಬಿಗಿದಿದೆ. ‘ಟಕ್’ ಅಂದರೂ 12ರಲ್ಲೇ ನಿಂತರೆ ಮೋಟರಿಗೆ ಕರೆಂಟೇ ಹೋಗುತ್ತಿಲ್ಲ.

ಆಮೇಲೆ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಸೆಲ್ಫ್‌ನ ಲೋಹದ ಮೈಗೆ. 0.3 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ, ಕೆಟ್ಟಿದೆ. ಹಳೇ ಗಾಡಿಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಗೇರ್‌ಬಾಕ್ಸಿನಿಂದ ಕಾರಿನ ಮೈಗೆ ಬರುವ ಪಟ್ಟಿಯ ಬೋಲ್ಟ್ ಬಿಚ್ಚಿ ನೋಡಿ: ಲಗ್‌ನ (ಪಟ್ಟಿಯ ತುದಿಯ ಲೋಹದ ಬಳೆ) ಅಡಿಯಲ್ಲಿ ತುಕ್ಕು ಮತ್ತು ಪೇಂಟ್, ಎಳೆಗಳ ಬುಡದಲ್ಲಿ ಹಸಿರು ಕಿಲುಬು ಕಾಣಬಹುದು. ಮರಳು ಕಾಗದದಿಂದ ಹೊಳೆಯುವವರೆಗೆ ಉಜ್ಜಿ ಬಿಗಿಯಿರಿ. ಎಳೆ ಹರಿದಿದ್ದರೆ ಪಟ್ಟಿಯನ್ನೇ ಬದಲಿಸಿ.

ಅರ್ಥ್ ಸರಿಯಿದ್ದರೆ ಸೊಲೆನಾಯ್ಡಿನ (ಸೆಲ್ಫ್ ಮೇಲಿರುವ, ಮೋಟರಿಗೆ ಕರೆಂಟ್ ಬಿಡುವ ವಿದ್ಯುತ್ಕಾಂತದ ಸ್ವಿಚ್ಚು) ಸಣ್ಣ ವೈರಿಗೂ ಸೆಲ್ಫ್ ಮೈಗೂ ನಡುವೆ ಅಳೆಯಿರಿ. 10.5ಕ್ಕಿಂತ ಹೆಚ್ಚಿರಬೇಕು. 8–9 ಬಂದರೆ ಸವೆದ ಇಗ್ನಿಷನ್ ಸ್ವಿಚ್ಚು, ಸಡಿಲ ಕಪ್ಲರು (ವೈರ್ ಜೋಡಿಸುವ ಪ್ಲಗ್) ವೋಲ್ಟೇಜನ್ನು ನುಂಗುತ್ತಿವೆ. ಸೊಲೆನಾಯ್ಡ್ ಅರ್ಧ ಎಳೆದು ಸೋಲುತ್ತದೆ. ಕಪ್ಲರ್ ಬಿಗಿಮಾಡಿದರೂ ಏರದಿದ್ದರೆ 12 ವೋಲ್ಟ್, 30 ಆಂಪಿಯರಿನ ನಾಲ್ಕು ಪಿನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಹಾಕಿಸಿ. ಪಿನ್ನುಗಳ ಮೇಲೆ ಸಂಖ್ಯೆ ಇರುತ್ತದೆ: ಆ ಸಣ್ಣ ವೈರ್ ಕಳಚಿ 86ಕ್ಕೆ, 85 ಅರ್ಥಿಗೆ, 30 ಬ್ಯಾಟರಿ ಪಾಸಿಟಿವ್‌ಗೆ, 87 ಸೊಲೆನಾಯ್ಡಿನ ಸಣ್ಣ ಪಿನ್ನಿಗೆ. ಬ್ಯಾಟರಿಯ ಪಕ್ಕದಲ್ಲೇ 30 ಆಂಪಿಯರ್ ಫ್ಯೂಸ್ ಇರಲೇಬೇಕು.

ಇಲ್ಲೂ ಸರಿಯಿದ್ದರೆ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟ್‌ಗಳ ನಡುವೆ ಅಳೆಯಿರಿ. ‘ಟಕ್’ ಆದಮೇಲೂ 12ರ ಹತ್ತಿರ ಇದ್ದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಬಹುತೇಕ ಸೊನ್ನೆ ಬಂದು, ಮೋಟರಿಗೆ ಪೂರ್ತಿ ವೋಲ್ಟೇಜ್ ಸಿಕ್ಕೂ ಅದು ಸುಮ್ಮನಿದ್ದರೆ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರುವ ಸಂಭವ ಹೆಚ್ಚು. ಬ್ರಷ್ ಸೆಟ್ಟಿಗೆ ಆಗುವ ಖರ್ಚು ಹೊಸ ಸೆಲ್ಫ್‌ನ ಬೆಲೆಯ ಮುಂದೆ ತೀರಾ ಕಡಿಮೆ.

ಪ್ರಶ್ನೆ: ನಾಲ್ಕು ದಿನ ನಿಲ್ಲಿಸಿದರೆ ನಮ್ಮ ಹಳೇ ಕಾರಿನ ಬ್ಯಾಟರಿ ಡೌನ್ ಆಗುತ್ತದೆ. ಚಾರ್ಜಿಂಗ್ 14 ವೋಲ್ಟ್ ಬರುತ್ತಿದೆ.
– ಓದುಗರು, ಹಾಸನ

ಉತ್ತರ: ಚಾರ್ಜಿಂಗ್ ಸರಿಯಿದೆ, ಎಲ್ಲೋ ಸೋರುತ್ತಿದೆ. ಎಲ್ಲ ಆಫ್ ಮಾಡಿ, ನೆಗೆಟಿವ್ ಕ್ಲಾಂಪ್ ಕಳಚಿ, ಕಂಬಕ್ಕೂ ಕ್ಲಾಂಪಿಗೂ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿ ಜೋಡಿಸಿ. 50 ಮಿಲಿಆಂಪಿಯರಿನ ಒಳಗಿರಬೇಕು. 300 ಇದ್ದರೆ ದಿನಕ್ಕೆ 7 ಆಂಪಿಯರ್-ಅವರ್ ಖಾಲಿ. 35 ಆಂಪಿಯರ್-ಅವರಿನ ಬ್ಯಾಟರಿ ನಾಲ್ಕು ದಿನಕ್ಕೆ ಮಲಗುತ್ತದೆ. ಒಂದೊಂದೇ ಫ್ಯೂಸ್ ಕೀಳುತ್ತ ಬನ್ನಿ, ಅಂಕಿ ಇಳಿದ ಲೈನಿನಲ್ಲೇ ಕಳ್ಳ. ಯಾವ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ದಪ್ಪ ವೈರ್ ಕಳಚಿ ನೋಡಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಹೋಗಿರಬಹುದು. ಮೀಟರ್ ಜೋಡಿಸಿರುವಾಗ ಮಾತ್ರ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಟ್ಟೀತು.