ಪೈಲಟ್‌ಗಳಿಗೆ ಇಳಿಯಲು ಅತಿ ಕಷ್ಟದ ವಿಮಾನ ನಿಲ್ದಾಣ ಯಾವುದು, ಏಕೆ?

ನನ್ನ ಆಯ್ಕೆ ನೇಪಾಳದ ಲುಕ್ಲಾ. ರನ್‌ವೇ ಉದ್ದ ಬರೀ 527 ಮೀಟರ್. ಒಂದು ತುದಿಯಲ್ಲಿ ಕಣಿವೆ, ಇನ್ನೊಂದರಲ್ಲಿ ಬೆಟ್ಟ. ಹಾಗಾಗಿ ಕೊನೆಯ ಹಂತದಲ್ಲಿ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವ ಅವಕಾಶವೇ ಇಲ್ಲ. ಸುಮಾರು 2,845 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಕಾಲುಭಾಗದಷ್ಟು ಕಡಿಮೆ. ವೇಗಮಾಪಕ ಎಂದಿನ ಅಂಕಿಯನ್ನೇ ತೋರಿಸಿದರೂ ವಿಮಾನದ ನಿಜವಾದ ವೇಗ ಸುಮಾರು ಶೇ 15ರಷ್ಟು ಹೆಚ್ಚಿರುತ್ತದೆ.

ಶೇ 12ರ ಆಸುಪಾಸಿನ ಏರು ರನ್‌ವೇ ವಿಮಾನ ನಿಲ್ಲಿಸಲು ನೆರವಾಗುತ್ತದೆ, ನಿಜ. ಆದರೆ ಅದೇ ಏರು ಕಣ್ಣನ್ನು ವಂಚಿಸುತ್ತದೆ: ತಾನು ತೀರಾ ಮೇಲಿದ್ದೇನೆ ಅನಿಸಿ ಪೈಲಟ್ ಬೇಕಾದ್ದಕ್ಕಿಂತ ಕೆಳಗಿಳಿದುಬಿಡಬಹುದು. ಇದೇ ನಿಜವಾದ ಅಪಾಯ. ರೇಡಿಯೊ ಸಂಕೇತಗಳಿಂದ ಇಳಿಯುವ ದಾರಿ ತೋರುವ ಐಎಲ್‌ಎಸ್ ವ್ಯವಸ್ಥೆ ಇಲ್ಲ, ಎಲ್ಲವೂ ಕಣ್ಣಳತೆ. ಹೊತ್ತೇರಿದಂತೆ ಗಾಳಿ, ಮೋಡ ಹೆಚ್ಚುವುದರಿಂದ ಹಾರಾಟ ಬಹುಪಾಲು ಬೆಳಗ್ಗೆಯೇ.