ಕಂದಿನ ವಂಶ, ಬೀಜದ ವಂಶ

ನಂಜನಗೂಡು ತಾಲ್ಲೂಕಿನ ರೈತರೊಬ್ಬರ ಕಾಗದ ಹೋದ ವಾರ ಕೈಸೇರಿತು. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಅದರ ಸಾರ ಇಷ್ಟು: "ಅಪ್ಪನ ಕಾಲದಲ್ಲಿ ನಮ್ಮದು ಎರಡು ಎಕರೆ ರಸಬಾಳೆ ತೋಟ. ಸೊರಗು ರೋಗ ಬಂದು ಒಂದೊಂದೇ ಬುಡ ಹೋಯಿತು. ಈಗ ಟಿಶ್ಯೂ ಕಲ್ಚರ್ ಜಿ-9 ಬಾಳೆ ಹಾಕಿದ್ದೇನೆ. ಮನೆ ಹಿಂದೆ ಮಾತ್ರ ನಾಲ್ಕು ಬುಡ ರಸಬಾಳೆ ಉಳಿಸಿಕೊಂಡಿದ್ದೇನೆ. ಒಂಬತ್ತನೇ ತರಗತಿಯ ಮಗಳು ಜೀವಕೋಶ ಒಡೆಯುವುದು ಎರಡು ಬಗೆ, ಮೈಟಾಸಿಸ್ ಮತ್ತು ಮಿಯಾಸಿಸ್ ಎಂದು ಬಾಯಿಪಾಠ ಮಾಡುತ್ತಿದ್ದವಳು, 'ಅಪ್ಪಾ, ಬೀಜ ಆಗಬೇಕಾದರೆ ಮಿಯಾಸಿಸ್ ಬೇಕಂತೆ. ನಮ್ಮ ಬಾಳೆಗೆ ಬೀಜವೇ ಇಲ್ಲ, ಹಾಗಾದರೆ ಅದಕ್ಕೆ ಮಿಯಾಸಿಸ್ ಬರುವುದಿಲ್ಲವಾ?' ಎಂದಳು. ನನಗೆ ಉತ್ತರ ತೋಚಲಿಲ್ಲ. ನನ್ನದೂ ಒಂದು ಪ್ರಶ್ನೆ ಇದೆ. ರೋಗ ತಡೆಯುವ ಬೇರೆ ಬಾಳೆಯ ಜೊತೆ ರಸಬಾಳೆಯನ್ನು ಕೂಡಿಸಿ ಹೊಸ ತಳಿ ಮಾಡಲು ಇಷ್ಟು ವರ್ಷವಾದರೂ ಯಾಕೆ ಆಗಲಿಲ್ಲ?"

ಮಾನ್ಯರೇ,

ನಿಮ್ಮ ಮಗಳದ್ದೂ ನಿಮ್ಮದೂ ಎರಡು ಪ್ರಶ್ನೆಯಲ್ಲ, ಒಂದೇ. ಅವಳ ಪ್ರಶ್ನೆ ಬಿಡಿಸಿದರೆ ನಿಮ್ಮದರ ಗಂಟೂ ಸಡಿಲವಾಗುತ್ತದೆ. ಆದ್ದರಿಂದ ಮೊದಲು ಅವಳಿಗೆ ಉತ್ತರ.

ಮನೆ ಹಿಂದಿನ ಬಾಳೆ ಬುಡದಿಂದಲೇ ಶುರು ಮಾಡೋಣ. ನಾವು ಮರ ಅನ್ನುವುದು ಮರವಲ್ಲ, ಒಂದರೊಳಗೊಂದು ಸುತ್ತಿಕೊಂಡ ಪಟ್ಟೆಗಳು. ನಿಜವಾದ ಕಾಂಡ ಮಣ್ಣೊಳಗಿನ ಗಡ್ಡೆ. ಅದರ ನೆತ್ತಿಯಲ್ಲಿ ಬೆಳೆಯುವ ತುದಿಯೊಂದಿದೆ; ಎಲೆಗಳು ಅಲ್ಲಿಂದ ಹೊರಡುತ್ತವೆ, ಕಾಲ ಬಂದಾಗ ದಿಂಡು ಮೇಲೇರಿ ಗೊನೆಯಾಗುವುದೂ ಅಲ್ಲಿಂದಲೇ. ಗಡ್ಡೆಯ ಮೈಮೇಲಿನ ಮೊಗ್ಗು ಚಿಗುರಿದರೆ ಅದು ಕಂದು. ಇದೆಲ್ಲ ಬೆಳೆಯುವುದು ಕೋಶ ಎರಡಾಗಿ, ಎರಡು ನಾಲ್ಕಾಗಿ. ಈ ಒಡೆತವೇ ಮೈಟಾಸಿಸ್.

ರಸಬಾಳೆಯ ಒಂದೊಂದು ಕೋಶದಲ್ಲೂ 33 ವರ್ಣತಂತುಗಳಿವೆ. ಗಿಡದ ಎತ್ತರ, ಎಲೆಯ ಅಗಲ, ಹಣ್ಣಿನ ಘಮ ಎಲ್ಲದರ ಬರಹ ಇರುವುದು ಅವುಗಳಲ್ಲಿ. ಕೋಶ ಒಡೆಯುವ ಮುನ್ನ ಪ್ರತಿ ವರ್ಣತಂತುವೂ ತನ್ನ ನಕಲು ತೆಗೆದು, ಎರಡೂ ಅಂಟಿಕೊಂಡೇ ನಿಲ್ಲುತ್ತವೆ. ಯಾವುದು ಅಸಲು, ಯಾವುದು ನಕಲು ಎಂದು ಹೇಳುವಂತಿಲ್ಲ, ಎರಡರಲ್ಲೂ ಡಿಎನ್‌ಎಯ ಒಂದು ಎಳೆ ಹಳೆಯದು, ಒಂದು ಹೊಸದು. ಆಮೇಲೆ 33 ಜೋಡಿಗಳೂ ಕೋಶದ ನಡುವೆ ಸಾಲಾಗಿ ನಿಲ್ಲುತ್ತವೆ. ಎರಡು ಕಡೆಯಿಂದ ಬಂದ ಸಣ್ಣ ಎಳೆಗಳು ಅವುಗಳ ಸೊಂಟಕ್ಕೆ ಕಟ್ಟಿಕೊಳ್ಳುತ್ತವೆ. ಪ್ರತಿಯೊಂದಕ್ಕೂ ಎರಡೂ ಕಡೆಯಿಂದ ಎಳೆ ಬಿಗಿಯುವ ತನಕ ಕೋಶ ಮುಂದಿನ ಹೆಜ್ಜೆ ಇಡುವುದಿಲ್ಲ, ಒಂದು ಕಟ್ಟಿಕೊಳ್ಳದೆ ಉಳಿದರೂ ಕಾಯುತ್ತದೆ. ಈ ಕಾಯುವಿಕೆ ನನಗೆ ಇಂದಿಗೂ ಬೆರಗು. ಬಿಗಿದಾದ ಮೇಲೆ ಜೋಡಿ ಬಿಡಿಸಿಕೊಂಡು 33 ಆ ಕಡೆ, 33 ಈ ಕಡೆ. ನಡುವೆ ಹೊಸ ಗೋಡೆ ಎದ್ದು ಒಂದು ಕೋಶ ಎರಡಾಗುತ್ತದೆ, ಎರಡರಲ್ಲೂ ಅದೇ ಬರಹ.

ಇದನ್ನು ಮೊದಲು ವಿವರವಾಗಿ ಚಿತ್ರಿಸಿದವರು ಜರ್ಮನಿಯ ವಾಲ್ಟರ್ ಫ್ಲೆಮಿಂಗ್. ಸಾಲಮ್ಯಾಂಡರ್ ಎಂಬ ಉಭಯವಾಸಿಯ ಮರಿಗಳ ಕೋಶಗಳಿಗೆ ಬಣ್ಣ ಹಚ್ಚಿ ನೋಡಿ, 1882ರ ತಮ್ಮ ಗ್ರಂಥದಲ್ಲಿ ಮೈಟಾಸಿಸ್ ಎಂಬ ಹೆಸರಿಟ್ಟರು. ನೂಲು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು ಅದು. ಕಂಡದ್ದು ನೂಲಿನಂತೆ ಇದ್ದುದರಿಂದ ಆ ಹೆಸರು, ಅಷ್ಟೇ. ಮಿಯಾಸಿಸ್‌ನ ಕಥೆ ಬೇರೆ. ಅದು ಕಣ್ಣಿಗೆ ಸ್ಪಷ್ಟವಾಗುವ ಮೊದಲು ಲೆಕ್ಕದಲ್ಲಿ ಬಂತು. ತಾಯಿಯ ಅಂಡ, ತಂದೆಯ ರೇತ್ರಾಣು ಎರಡೂ ಪೂರ್ತಿ ವರ್ಣತಂತುಗಳನ್ನು ತಂದರೆ ತಲೆಮಾರಿನಿಂದ ತಲೆಮಾರಿಗೆ ಅವು ಇಮ್ಮಡಿಯಾಗುತ್ತಾ ಹೋಗಬೇಕು. ಹಾಗೆ ಆಗುತ್ತಿಲ್ಲವಾದ್ದರಿಂದ ಎಲ್ಲೋ ಒಂದು ಕಡೆ ಅವು ಅರ್ಧಕ್ಕೆ ಇಳಿಯಲೇಬೇಕು ಎಂದು ಆಗಸ್ಟ್ ವೈಸ್‌ಮನ್ 1887ರಲ್ಲಿ ವಾದಿಸಿದರು. ಆ ಇಳಿಕೆಗೆ ಮಿಯಾಸಿಸ್ ಎಂಬ ಹೆಸರು ಬಂದದ್ದು 1905ರಲ್ಲಿ. ಕಡಿಮೆಯಾಗುವುದು ಎಂದೇ ಅದರ ಅರ್ಥ.

ಮೈಟಾಸಿಸ್ ನಕಲು ತೆಗೆಯುವ ಕೆಲಸವಾದರೆ ಮಿಯಾಸಿಸ್ ಪಾಲು ಮಾಡುವ ಕೆಲಸ. ಕಾಡಿನಲ್ಲಿ ಬೀಜ ಕಟ್ಟುವ ಬಾಳೆಯನ್ನು ನೋಡಿ. ಅದರಲ್ಲಿ 22 ವರ್ಣತಂತು, ತಾಯಿಯಿಂದ 11, ತಂದೆಯಿಂದ 11. ಪರಾಗವೋ ಅಂಡವೋ ಆಗಬೇಕಾದಾಗ, ತಾಯಿಯ ಒಂದನೆಯದು ತಂದೆಯ ಒಂದನೆಯದನ್ನು ಹುಡುಕಿಕೊಂಡು ಬಂದು ಉದ್ದಕ್ಕೂ ಮೈಗೆ ಮೈ ತಾಗಿಸಿ ನಿಲ್ಲುತ್ತದೆ. ಎರಡನೆಯದಕ್ಕೆ ಎರಡನೆಯದು, ಹೀಗೆ ಹನ್ನೊಂದು ಜೋಡಿ. ತಾಗಿ ನಿಂತಾಗ ಅವು ಅಲ್ಲಲ್ಲಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆಮೇಲೆ ಜೋಡಿ ಬಿಟ್ಟು ಒಂದು ಆ ಕಡೆ, ಒಂದು ಈ ಕಡೆ. ಯಾವುದು ಎತ್ತ ಹೋಗುತ್ತದೆ ಎಂಬುದಕ್ಕೆ ನಿಯಮವಿಲ್ಲ. ತುಂಡು ಬದಲಾವಣೆಯನ್ನು ಬದಿಗಿಟ್ಟರೂ 11 ಜೋಡಿಗಳಿಂದ 2,048 ಬಗೆಯ ಪಾಲು ಸಾಧ್ಯ. ಇದಾದ ಮೇಲೆ ಇನ್ನೊಮ್ಮೆ ಒಡೆದು ಒಂದು ಕೋಶದಿಂದ ನಾಲ್ಕು, ಒಂದೊಂದರಲ್ಲೂ 11. ಪರಾಗದ ಕಡೆ ನಾಲ್ಕೂ ಬದುಕುತ್ತವೆ, ಅಂಡದ ಕಡೆ ಸಾಮಾನ್ಯವಾಗಿ ಒಂದೇ.

ಪುಸ್ತಕದಲ್ಲಿ ಹಂತಗಳ ಹೆಸರುಗಳ ಉದ್ದ ಪಟ್ಟಿ ಇರುತ್ತದೆ. ಪರೀಕ್ಷೆಗೆ ಅವು ಬೇಕು, ಕಲಿಯಲಿ. ಆದರೆ ಆ ಪಟ್ಟಿಗಿಂತ ಮುಖ್ಯವಾದ ಒಂದು ಮಾತನ್ನು ನಿಮ್ಮ ಮಗಳಿಗೆ ಹೇಳಿ. ಮೈಟಾಸಿಸ್‌ನಲ್ಲಿ ಪ್ರತಿ ವರ್ಣತಂತುವೂ ತನ್ನ ನಕಲಿನ ಜೊತೆಗಷ್ಟೇ ವ್ಯವಹರಿಸುತ್ತದೆ, ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳುವುದಿಲ್ಲ. ಆದ್ದರಿಂದ 22 ಇರಲಿ 33 ಇರಲಿ, ನಡೆಯುತ್ತದೆ. ಮಿಯಾಸಿಸ್‌ಗೆ ಮಾತ್ರ ಸರಿಜೋಡಿ ಬೇಕು. ಜೋಡಿ ಸಿಗದಿದ್ದರೆ ಪಾಲು ಕೆಡುತ್ತದೆ.

ರಸಬಾಳೆಯಲ್ಲಿ ಆಗಿರುವುದು ಇದೇ. ಅದರ 33 ಎಂದರೆ 11ರ ಮೂರು ತಂಡ. ಎರಡು ತಂಡ ಮ್ಯೂಸಾ ಅಕ್ಯುಮಿನೇಟ ಎಂಬ ಕಾಡುಬಾಳೆಯದು, ಒಂದು ತಂಡ ಮ್ಯೂಸಾ ಬಾಲ್ಬಿಸಿಯಾನ ಎಂಬ ಇನ್ನೊಂದರದ್ದು. ಬಾಳೆ ತಜ್ಞರು ಅದನ್ನು ಎಎಬಿ ಎಂದು ಬರೆಯುವುದು ಈ ಲೆಕ್ಕದಲ್ಲಿ. ಮೂವರು ಇದ್ದಾಗ ಇಬ್ಬರು ಜೋಡಿಯಾದರೆ ಒಬ್ಬ ಒಂಟಿ. ಆ ಒಂಟಿ ಆ ಕಡೆಯಾದರೂ ಹೋಗಬಹುದು, ಈ ಕಡೆಯಾದರೂ ಹೋಗಬಹುದು. ಹನ್ನೊಂದು ಒಂಟಿಗಳು ಹೀಗೆ ಮನಬಂದ ಕಡೆ ಹೋದಾಗ ಎಲ್ಲವೂ ಒಂದೇ ಕಡೆ ಸೇರಿ ಪಾಲು ಸರಿಯಾಗುವುದು, ನಾಣ್ಯವನ್ನು ಹನ್ನೊಂದು ಸಲ ಚಿಮ್ಮಿ ಹನ್ನೊಂದು ಸಲವೂ ಒಂದೇ ಮುಖ ಬಿದ್ದಂತೆ: 1,024ಕ್ಕೆ ಒಂದು ಸಲ. ಇದು ಸರಳ ಮಾಡಿದ ಲೆಕ್ಕ, ಗಿಡದೊಳಗಿನ ಗೋಜಲು ಇನ್ನೂ ಹೆಚ್ಚು. ಉಳಿದೆಲ್ಲ ಸಲ ಕೋಶಕ್ಕೆ ಸಿಗುವುದು ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಆದ ಅರೆಬರೆ ಗಂಟು. ಅಂಥ ಪರಾಗ, ಅಂಥ ಅಂಡ ಬಹುಪಾಲು ನಿಷ್ಪ್ರಯೋಜಕ.

ಹಾಗಾಗಿ ಮಗಳಿಗೆ ಉತ್ತರ: ರಸಬಾಳೆಗೆ ಮಿಯಾಸಿಸ್ ಬರುವುದಿಲ್ಲ ಎಂದಲ್ಲ. ಪ್ರತಿ ಹೂವಿನಲ್ಲೂ ಅದು ಶುರುವಾಗುತ್ತದೆ, ದಡ ಮುಟ್ಟುವುದಿಲ್ಲ. ಹಣ್ಣನ್ನು ಉದ್ದಕ್ಕೆ ಸೀಳಿದರೆ ನಡುವೆ ಸಾಲಾಗಿ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವಲ್ಲ, ಅವು ಬೀಜವಾಗದೆ ಉಳಿದ ಅಂಡಕಗಳು. ಬೀಜವಿಲ್ಲದೆಯೂ ತಿರುಳು ತುಂಬುವುದು ಬಾಳೆಗೆ ಬಂದ ಇನ್ನೊಂದು ಗುಣ. ಪರಾಗ ಬೀಳದಿದ್ದರೂ ಕಾಯಿ ದಪ್ಪವಾಗುತ್ತದೆ. ಎರಡನ್ನೂ ಬೆರೆಸಬಾರದು. ಏಲಕ್ಕಿ ಬಾಳೆಯಲ್ಲಿ ಎರಡೇ ತಂಡ, ಎ ಒಂದು, ಬಿ ಒಂದು, ಆದರೂ ಬೀಜವಿಲ್ಲ. ಬೇರೆ ಬೇರೆ ಜಾತಿಯಿಂದ ಬಂದ ಆ ಎರಡು ತಂಡಗಳಿಗೆ ತಮ್ಮಲ್ಲಿ ಸರಿಯಾಗಿ ಹೊಂದುವುದಿಲ್ಲ.

ಈ ಮೂರನೇ ತಂಡ ಬಂದದ್ದಾದರೂ ಎಲ್ಲಿಂದ? ಇದೇ ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ ಭಾಗ. ಹಿಂದೆ ಎಂದೋ ಎರಡು ತಂಡವಿದ್ದ ಒಂದು ಬಾಳೆಯಲ್ಲಿ ಮಿಯಾಸಿಸ್ ತಪ್ಪಿತು. ಅರ್ಧವಾಗಬೇಕಾದ ಕೋಶ ಅರ್ಧವಾಗದೆ 22 ಇಟ್ಟುಕೊಂಡೇ ಉಳಿಯಿತು. ಅದಕ್ಕೆ 11ರದ್ದು ಸೇರಿ 33 ಆಯಿತು. ಇಂಥ ಗಿಡ ಕಾಡಿನಲ್ಲಿ ತನ್ನಷ್ಟಕ್ಕೆ ದೂರ ಹೋಗುತ್ತಿರಲಿಲ್ಲ. ಯಾರೋ ತಿಂದು ನೋಡಿದರು, ಬೀಜ ಹಲ್ಲಿಗೆ ಸಿಗಲಿಲ್ಲ, ಕಂದು ಕಿತ್ತು ಮನೆ ಹತ್ತಿರ ನೆಟ್ಟರು. ಮಿಯಾಸಿಸ್ ತಪ್ಪಿದ್ದರಿಂದ ಹುಟ್ಟಿದ್ದನ್ನು ಮೈಟಾಸಿಸ್ ಕಾಪಾಡಿತು, ಮೈಟಾಸಿಸ್ ಮಾಡಿಟ್ಟದ್ದನ್ನು ಮನುಷ್ಯರು ಹೊತ್ತು ಊರೂರಿಗೆ ಒಯ್ದರು. ತಮಿಳುನಾಡಿನ ರಸ್ತಾಳಿ, ಆಂಧ್ರದ ಅಮೃತಪಾಣಿ, ಬಂಗಾಳದ ಮರ್ತಮಾನ್ ಎಲ್ಲ ರಸಬಾಳೆಯ ಗುಂಪಿಗೇ ಸೇರಿದವು. ನಿಮ್ಮ ಮನೆ ಹಿಂದಿನ ನಾಲ್ಕು ಬುಡ ನಿಮ್ಮ ಅಪ್ಪ ನೆಟ್ಟ ಗಿಡದ ಮಕ್ಕಳಲ್ಲ. ಕೋಶದ ಲೆಕ್ಕದಲ್ಲಿ ಅವು ಅದೇ ಗಿಡ, ಎಲ್ಲೂ ಕಡಿಯದೆ ಬಂದದ್ದು. ಮದುವೆ ಚಪ್ಪರಕ್ಕೆ ಬಾಳೆಕಂದು ಕಟ್ಟುವಾಗ ನಮ್ಮ ಹಿರಿಯರ ಮನಸ್ಸಿನಲ್ಲಿ ಇದ್ದದ್ದೂ ಈ ಕಡಿಯದ ವಂಶವೇ ಇರಬೇಕು.

ಇನ್ನು ನಿಮ್ಮ ಪ್ರಶ್ನೆ. ಕಡಿಯದ ವಂಶದ ದುರ್ಬಲತೆಯೂ ಅಲ್ಲೇ ಇದೆ. ಸೊರಗು ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದು ಕೂರುತ್ತದೆ. ಬೇರಿನಿಂದ ಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಹಾಕುತ್ತದೆ. ಬೀಜದಿಂದ ಬಂದ ಗಿಡಗಳಾದರೆ ಒಂದೊಂದರದ್ದೂ ಬೇರೆ ಬರಹ. ನೂರರಲ್ಲಿ ಕೆಲವಾದರೂ ತಡೆದುಕೊಂಡಾವು ಎಂಬ ಆಸೆಗೆ ಎಡೆಯಿದೆ. ಎರಡು ಎಕರೆ ತುಂಬ ಒಂದೇ ಗಿಡ ನಿಂತಿದ್ದರೆ ಒಂದರ ಬಾಗಿಲು ತೆರೆಯುವ ಬೀಗದಕೈ ಎಲ್ಲದರ ಬಾಗಿಲನ್ನೂ ತೆರೆಯುತ್ತದೆ. ನಿಮ್ಮ ಅಪ್ಪನವರ ಆರೈಕೆಯಲ್ಲಿ ಏನೂ ಕೊರತೆ ಇರಲಿಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಮಧ್ಯ ಅಮೆರಿಕದ ದೊಡ್ಡ ಕಂಪನಿಗಳ ಗ್ರೋ ಮಿಶೆಲ್ ಬಾಳೆ ತೋಟಗಳೂ ಇದೇ ರೋಗಕ್ಕೆ ನೆಲ ಕಚ್ಚಿದವು. 1950–60ರ ದಶಕಗಳಲ್ಲಿ ಅವರು ಕ್ಯಾವೆಂಡಿಶ್ ಗುಂಪಿನ ಬಾಳೆಗೆ ಬದಲಾಯಿಸಿಕೊಂಡರು. ನಿಮ್ಮ ಜಿ-9 ಆ ಗುಂಪಿನದೇ. ಅದನ್ನೂ ಬಿಡದ, ಟಿಆರ್4 ಎಂಬ ಇದೇ ಶಿಲೀಂಧ್ರದ ಒಂದು ಬಗೆ ಈಗ ಬಿಹಾರ, ಉತ್ತರ ಪ್ರದೇಶದ ಕೆಲವು ಕಡೆ ಕಾಣಿಸಿಕೊಂಡಿದೆ. 2019ರಲ್ಲಿ ಕೊಲಂಬಿಯಾಕ್ಕೂ ಮುಟ್ಟಿತು.

ಕೂಡಿಸಿ ತಳಿ ಮಾಡುವ ಯತ್ನ ಹೊಸದಲ್ಲ. ಟ್ರಿನಿಡಾಡ್‌ನಲ್ಲಿ 1922ರಿಂದಲೇ ಬಾಳೆ ತಳಿ ಸುಧಾರಣೆ ನಡೆದಿದೆ. ಕೂಡಿಸುವುದೆಂದರೆ ಮಿಯಾಸಿಸ್‌ನಿಂದ ಬಂದ ಅಂಡಕ್ಕೆ ಮಿಯಾಸಿಸ್‌ನಿಂದ ಬಂದ ಪರಾಗ ಸೇರಿಸುವುದು. ಮೂರು ತಂಡದ ಬಾಳೆಯಲ್ಲಿ ಕೆಟ್ಟಿರುವುದೇ ಅದು. ಸಾವಿರಾರು ಹೂವಿಗೆ ಕೈಯಿಂದ ಪರಾಗ ಹಚ್ಚಿದರೂ ಸಿಗುವುದು ಬೆರಳೆಣಿಕೆಯ ಬೀಜ. ಅವೂ ಹೆಚ್ಚಾಗಿ ಅರ್ಧವಾಗದೆ ಉಳಿದ 33ರ ಅಂಡಕ್ಕೆ 11ರ ಪರಾಗ ಸೇರಿ 44 ಆದವು.

ಇನ್ನೂ ಒಂದು ತೊಡಕಿದೆ, ಅದು ಹೇಳಲು ಕಷ್ಟದ್ದು. ಒಂದು ವೇಳೆ ರಸಬಾಳೆಯಿಂದ ಗಟ್ಟಿ ಬೀಜ ಸಿಕ್ಕಿತು, ಅದು ರೋಗವನ್ನೂ ತಡೆಯಿತು ಎಂದುಕೊಳ್ಳಿ. ಆ ಗಿಡ ರಸಬಾಳೆಯಾಗಿರುವುದಿಲ್ಲ. ಪಾಲು ಮಾಡುವಾಗ ರೋಗದ ಜೊತೆ ರುಚಿಯೂ ಪಾಲಾಗುತ್ತದೆ. ಆ ತೆಳು ಸಿಪ್ಪೆ, ಆ ಪರಿಮಳ, ಆ ಸಿಹಿಹುಳಿಯ ಹದ ಮೂರು ತಂಡ ಒಟ್ಟಿಗಿದ್ದಾಗ ಮಾತ್ರ ಬರುವ ಹೊಂದಾಣಿಕೆ. ಇದ್ದ ಹಾಗೇ ಉಳಿಸಬೇಕಾದರೆ ಮೈಟಾಸಿಸ್, ಬದಲಾಗಬೇಕಾದರೆ ಮಿಯಾಸಿಸ್. ರುಚಿ ಬದಲಾಗಬಾರದು, ರೋಗಕ್ಕೆ ಮಾತ್ರ ಬದಲಾಗಬೇಕು ಎಂಬ ನಮ್ಮ ಬೇಡಿಕೆ ಎರಡರ ನಡುವೆ ಸಿಕ್ಕಿಕೊಂಡಿದೆ.

ದಾರಿ ಪೂರ್ತಿ ಮುಚ್ಚಿಲ್ಲ. ಆಸ್ಟ್ರೇಲಿಯಾದಲ್ಲಿ ಬೀಜ ಕಟ್ಟುವ ಒಂದು ಕಾಡುಬಾಳೆಯ ವಂಶವಾಹಿಯನ್ನು ಕ್ಯಾವೆಂಡಿಶ್‌ಗೆ ಸೇರಿಸಿ ಟಿಆರ್4 ತಡೆಯುವ ಬಾಳೆ ಮಾಡಿದ್ದಾರೆ. 2024ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕುಲಾಂತರಿಯ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ಆ ವಂಶವಾಹಿ ಸಿಕ್ಕಿದ್ದು ಎಲ್ಲಿ ಎಂಬುದನ್ನು ಗಮನಿಸಿ. ಯಾರೂ ತಿನ್ನದ, ಬಾಯ್ತುಂಬ ಬೀಜವಿರುವ ಹಣ್ಣಿನಲ್ಲಿ. ಆದ್ದರಿಂದ ಕಾಡುಬಾಳೆ ಇರುವ ಕಾಡು ಉಳಿಯುವುದು ತೋಟದವರ ಕೆಲಸವೂ ಹೌದು. ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದಲ್ಲಿ ನಾಡತಳಿಗಳ ಜೊತೆ ಕಾಡುಬಾಳೆಗಳನ್ನೂ ಕಾಪಾಡುವುದು ಇದಕ್ಕೇ.

ಟಿಶ್ಯೂ ಕಲ್ಚರ್ ರಸಬಾಳೆ ಸಿಕ್ಕರೆ ಹಾಕಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದೂ ಮೈಟಾಸಿಸ್‌ನದೇ ಕೆಲಸ, ಮಣ್ಣಿನ ಬದಲು ಬಾಟಲಿಯಲ್ಲಿ. ಸಸಿ ರೋಗವಿಲ್ಲದೆ ಬರುತ್ತದೆ, ರೋಗ ತಡೆಯುವ ಶಕ್ತಿಯನ್ನೇನೂ ತರುವುದಿಲ್ಲ. ಸೊರಗು ಬಂದ ನೆಲದಲ್ಲಿ ನೆಟ್ಟರೆ ಮತ್ತೆ ಅದೇ ಪಾಡು. ಆ ನಾಲ್ಕು ಬುಡಕ್ಕೆ ಹಳೆ ತೋಟದ ಮಣ್ಣು ಗುದ್ದಲಿಯಲ್ಲಾಗಲಿ, ಚಪ್ಪಲಿಯಲ್ಲಾಗಲಿ, ಹರಿಯುವ ನೀರಿನಲ್ಲಾಗಲಿ ಬಾರದಂತೆ ನೋಡಿಕೊಳ್ಳಿ. ಮೈಟಾಸಿಸ್‌ನಲ್ಲೂ ಅಪರೂಪಕ್ಕೆ ಬರಹ ತಪ್ಪುವುದುಂಟು. ಕೆಂಪು ಚಂದ್ರಬಾಳೆಯ ಬುಡದಲ್ಲಿ ಹಸಿರು ಕಾಯಿಯ ಕಂದು ಬರುವುದು ಹಾಗೆಯೇ. ಸತ್ತ ಗಿಡಗಳ ನಡುವೆ ಒಂದು ರಸಬಾಳೆ ಮಾತ್ರ ವರ್ಷಗಟ್ಟಲೆ ಹಸಿರಾಗಿ ನಿಂತದ್ದು ಎಲ್ಲಾದರೂ ಕಂಡರೆ ಕಡಿಯಬೇಡಿ, ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ.

ಮಗಳಿಗೆ ಎರಡು ಕೆಲಸ. ಪಶ್ಚಿಮ ಘಟ್ಟದ ಬಂಡೆಗಳ ಮೇಲೆ ಬೆಳೆಯುವ ಕಲ್ಲುಬಾಳೆಯನ್ನು ಎಲ್ಲಾದರೂ ಕಂಡರೆ ಅದರ ಬುಡ ನೋಡಲಿ. ಅದು ಬಾಳೆಯ ದಾಯಾದಿ, ಕಂದೇ ಬಿಡುವುದಿಲ್ಲ. ಒಮ್ಮೆ ಹೂವಾಗಿ, ಬೀಜ ಚೆಲ್ಲಿ ಸಾಯುತ್ತದೆ. ಎರಡನೆಯದು ನಾಳೆಯೇ ಆಗುವಂಥದ್ದು. ಒಂದು ಈರುಳ್ಳಿಯ ಬುಡ ನೀರಿಗೆ ಸೋಕುವಂತೆ ಲೋಟದ ಬಾಯಿಯ ಮೇಲೆ ಕೂರಿಸಲಿ. ಮೂರು ನಾಲ್ಕು ದಿನಕ್ಕೆ ಬಿಳಿ ಬೇರು ಇಳಿಯುತ್ತದೆ. ಬೆಳಿಗ್ಗೆ ಅದರ ತುದಿ ಕತ್ತರಿಸಿ ಶಾಲೆಗೆ ಒಯ್ದರೆ ವಿಜ್ಞಾನದ ಮೇಷ್ಟ್ರು ಅದನ್ನು ಆಮ್ಲದಲ್ಲಿ ಮೆದುಮಾಡಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಗಾಜಿನ ನಡುವೆ ಹೆಬ್ಬೆರಳಿನಿಂದ ಒತ್ತಿ ಸೂಕ್ಷ್ಮದರ್ಶಕಕ್ಕೆ ಇಟ್ಟುಕೊಡುತ್ತಾರೆ. ಹೆಚ್ಚಿನ ಕೋಶಗಳು ಸುಮ್ಮನೆ ಕುಳಿತಿರುತ್ತವೆ. ಬೇಸರಪಡದೆ ಗಾಜನ್ನು ಸರಿಸುತ್ತಾ ಹೋಗಬೇಕು. ನಡುವೆ ಸಾಲುಗಟ್ಟಿ ನಿಂತ ಕೆಂಪು ಎಳೆಗಳು ಎಲ್ಲೋ ಒಂದರಲ್ಲಿ ಸಿಕ್ಕೇ ಸಿಗುತ್ತವೆ. ಈರುಳ್ಳಿಯಲ್ಲಿ ಅವು 16. ಎಣಿಸಲು ಸಿಕ್ಕಿದವೇ ಎಂದು ಅವಳ ಕೈಯಲ್ಲೇ ಬರೆಸಿ ಕಳುಹಿಸಿ, ಆ ಕಾಗದವನ್ನು ಇದೇ ಪುಟದಲ್ಲಿ ಹಾಕುತ್ತೇವೆ.

— ಸಂಪಾದಕ