ಅಪ್ಪನಿಗೆ ಹಳೆಯ ‘ಸಿಐಡಿ’ ಎಪಿಸೋಡ್‌ಗಳನ್ನೆಲ್ಲ ಹಾರ್ಡ್ ಡಿಸ್ಕ್‌ಗೆ ಹಾಕಿ ಕೊಡಬೇಕು, ಯಾವುದರಿಂದ ಶುರು ಮಾಡಲಿ?

ಹಾರ್ಡ್ ಡಿಸ್ಕ್ ಬೇಡ. ಮೊದಲು ಅದನ್ನು ಹೇಳಿಬಿಡುತ್ತೇನೆ. ಚಿಕ್ಕವರಿದ್ದಾಗ ಅಪ್ಪನ ಪಕ್ಕ ಕೂತು ನೋಡುತ್ತಿದ್ದಿರಿ, ಈಗ ಅಪ್ಪ ರಿಟೈರ್ ಆಗಿ ಮನೆಯಲ್ಲಿದ್ದಾರೆ, 1547 ಎಪಿಸೋಡನ್ನೂ ಸೇರಿಸಿ ಕೊಟ್ಟರೆ ಅವರಿಗೆ ಹೊತ್ತು ಹೋಗುತ್ತದೆ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ ನನಗೆ ನಮ್ಮ ಮನೆಯ ಚಾವಡಿ ಕಣ್ಣ ಮುಂದೆ ಬಂತು.

ನಮ್ಮದು ಉಡುಪಿ ಜಿಲ್ಲೆಯ ಒಂದು ಹಳ್ಳಿ, ಮನೆಮಾತು ತುಳು. ಸೋನಿ ಟಿವಿಯಲ್ಲಿ ಹಿಂದಿ ಪತ್ತೇದಾರಿ ಧಾರಾವಾಹಿ ಸಿಐಡಿ ಶುರುವಾದದ್ದು 1998ರ ಜನವರಿಯಲ್ಲಿ. ನಮ್ಮ ಮನೆಗೆ ಕೇಬಲ್ ಬಂದದ್ದು ಅದರ ಮರುವರ್ಷ. ಅಪ್ಪ 18 ವರ್ಷ ಮುಂಬೈಯ ಹೋಟೆಲುಗಳಲ್ಲಿ ದುಡಿದು ಊರಿಗೆ ವಾಪಸಾಗಿದ್ದರು, ಹಾಗಾಗಿ ಮನೆಯಲ್ಲಿ ಹಿಂದಿ ಸರಿಯಾಗಿ ಬರುತ್ತಿದ್ದುದು ಅವರಿಗೊಬ್ಬರಿಗೇ. ಶುಕ್ರವಾರ ರಾತ್ರಿ ಊಟ ಮುಗಿಸಿ ಪಕ್ಕದ ಎರಡು ಮನೆಯವರೂ ಬರುತ್ತಿದ್ದರು. ಅಜ್ಜಿ ಗೋಡೆಗೆ ಒರಗಿ ಕಾಲು ನೀಡಿ ಕೂರುವರು. ಧಾರಾವಾಹಿಯ ಪೊಲೀಸ್ ತಂಡದ ಮುಖ್ಯಸ್ಥ ಎಸಿಪಿ ಪ್ರದ್ಯುಮನ್ ಬಾಯಿ ತೆರೆದರೆ ಸಾಕು, ‘ಆಯೆ ದಾದ ಪಂಡೆ?’ ಅಂತ ಕೇಳುವರು. ಅಂದರೆ, ಅವನೇನು ಹೇಳಿದ ಅಂತ. ಅಪ್ಪ ತುಳುವಿನಲ್ಲಿ ಹೇಳಬೇಕು.

ಬರೀ ತರ್ಜುಮೆ ಆಗಿರಲಿಲ್ಲ ಅದು. ಒಂದು ಸಲ ಆ ತಂಡದ ಫೋರೆನ್ಸಿಕ್ ತಜ್ಞ ಡಾಕ್ಟರ್ ಸಾಳುಂಖೆ ಲ್ಯಾಬಿನಲ್ಲಿ ನಿಂತು ಡಿಎನ್‌ಎ ಅಂತ ಏನೇನೋ ಹೇಳುತ್ತಿದ್ದರು. ಹಾಗೆಂದರೇನು ಅಂತ ಅಜ್ಜಿ ಕೇಳಿದರು. ಅಪ್ಪ ಸ್ವಲ್ಪ ಯೋಚನೆ ಮಾಡಿ, ನಿನ್ನೆಯ ದೋಸೆ ಹಿಟ್ಟು ಒಂದು ಸೌಟು ಇವತ್ತಿನ ಹಿಟ್ಟಿಗೆ ಸೇರಿಸಿದರೆ ನಿನ್ನೆಯ ಹುಳಿ ಇದರಲ್ಲೂ ಇರುತ್ತದಲ್ಲ, ಹಾಗೆ ಅಪ್ಪ ಅಮ್ಮನ ಗುರುತು ಮಕ್ಕಳ ರಕ್ತದಲ್ಲಿ ಇರುತ್ತದೆ ಅಂದರು. ಅಜ್ಜಿಗೆ ಕೂಡಲೇ ಅರ್ಥವಾಯಿತು. ನನಗೂ. ಆಮೇಲೆ ಪಿಯುಸಿಯಲ್ಲಿ ಅದೇ ಪಾಠ ಬಂದಾಗ ನನ್ನ ತಲೆಯಲ್ಲಿದ್ದದ್ದು ಆ ಹಿಟ್ಟಿನ ಪಾತ್ರೆಯೇ. ತಂಡದಲ್ಲಿ ಎಲ್ಲರನ್ನೂ ನಗಿಸುವ ಫ್ರೆಡ್ರಿಕ್ಸ್ ಏನಾದರೂ ತಮಾಷೆ ಮಾಡಿದರೆ ಮಾತ್ರ ಅಪ್ಪನಿಗೆ ತರ್ಜುಮೆ ಮಾಡಲು ಆಗುತ್ತಿರಲಿಲ್ಲ, ನಗು ಬಂದುಬಿಡುತ್ತಿತ್ತು. ಅಪ್ಪ ನಗುವುದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು, ಜೋಕ್ ಏನು ಅಂತ ಗೊತ್ತಿಲ್ಲದೆ.

ಇನ್‌ಸ್ಪೆಕ್ಟರ್ ದಯಾ ಬಾಗಿಲು ಒಡೆಯುವ ದೃಶ್ಯ ಈಗ ಎಲ್ಲರಿಗೂ ಮೀಮ್. ನಮ್ಮ ಚಾವಡಿಯಲ್ಲಿ ಅದಕ್ಕೆ ಯಾರೂ ನಗುತ್ತಿರಲಿಲ್ಲ. ಆ ಪಾತ್ರ ಮಾಡಿದ ದಯಾನಂದ ಶೆಟ್ಟಿ ನಮ್ಮ ಕರಾವಳಿ ಮೂಲದವರು, ತುಳು ಮಾತಾಡುವವರು. ಮುಂಚೆ ಡಿಸ್ಕಸ್ ಎಸೆಯುತ್ತಿದ್ದ ಕ್ರೀಡಾಪಟು. ಆ ಭುಜ ಬಾಗಿಲಿಗೆ ಬಿದ್ದಾಗ ನಮ್ಮ ಮನೆಯ ಹುಡುಗನೇ ಗೆದ್ದ ಹಾಗೆ ಆಗುತ್ತಿತ್ತು. ನಟನೆ ಹೇಗಿತ್ತು, ಕಥೆ ಗಟ್ಟಿ ಇತ್ತಾ ಅಂತ ಈಗಿನ ಲೆಕ್ಕ ಹಾಕಿ ಆ ಧಾರಾವಾಹಿಯನ್ನು ಅಳೆಯುವವರ ಜೊತೆ ನಾನು ವಾದ ಮಾಡುವುದಿಲ್ಲ. ಅವರು ಬೇರೆ ಏನನ್ನೋ ನೋಡಿದ್ದಾರೆ, ನಾವು ಬೇರೆ ಏನನ್ನೋ ನೋಡಿದ್ದೇವೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ.

2004ರ ನವೆಂಬರ್ 7, ಭಾನುವಾರ. ಕ್ಯಾಮೆರಾ ಒಮ್ಮೆಯೂ ಕಟ್ ಆಗದೆ 111 ನಿಮಿಷ ಒಂದೇ ಶಾಟ್‌ನಲ್ಲಿ ತೆಗೆದ ಎಪಿಸೋಡ್ ಪ್ರಸಾರವಾದ ದಿನ ಅದು. ‘ದಿ ಇನ್‌ಹೆರಿಟೆನ್ಸ್’ ಅಂತ ಹೆಸರು. ನಿರ್ದೇಶಕರು ಬಿ.ಪಿ. ಸಿಂಗ್, ಆಮೇಲೆ ಅದು ಗಿನ್ನೆಸ್ ದಾಖಲೆಗೂ ಸೇರಿತು. ಅಜ್ಜಿ ಅದೇ ವಾರ ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡು ಪೇಟೆಯಲ್ಲಿ ಅತ್ತೆಯ ಮನೆಯಲ್ಲಿದ್ದರು. ಸದ್ಯಕ್ಕೆ ಟಿವಿ ನೋಡಬಾರದು ಅಂತ ಡಾಕ್ಟರ್ ಹೇಳಿದ್ದರು. ಅಜ್ಜಿ ಫೋನ್ ಮಾಡಿಸಿ ಹೇಳಿದರು: ನೋಡುವುದು ಬೇಡ, ನಿನ್ನ ಅಪ್ಪ ಹೇಳುವುದನ್ನು ಟೇಪಿನಲ್ಲಿ ಹಿಡಿದು ತಂದುಕೊಡು, ನನಗೆ ಅಷ್ಟು ಸಾಕು. ಅವರು ತಾಳಮದ್ದಳೆ ಕೇಳಿ ಬೆಳೆದವರು. ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಕೂತು ಮಾತಾಡುವುದರಲ್ಲೇ ಯುದ್ಧವೂ ಆಗುತ್ತದೆ, ಸಂಧಾನವೂ ಆಗುತ್ತದೆ. ಚಿತ್ರ ಇಲ್ಲದೆ ಕಥೆ ಕೇಳುವುದು ಅವರಿಗೆ ಹೊಸದೇನಲ್ಲ.

ನಾನಾಗ ಡಿಗ್ರಿ ಓದುತ್ತಿದ್ದೆ. 90 ನಿಮಿಷದ್ದೊಂದು, 60 ನಿಮಿಷದ್ದೊಂದು ಖಾಲಿ ಕ್ಯಾಸೆಟ್ ತಂದೆ. ಟೇಪ್‌ರೆಕಾರ್ಡರನ್ನು ಸ್ಟೂಲಿನ ಮೇಲೆ, ಟಿವಿಗೂ ಅಪ್ಪನಿಗೂ ನಡುವೆ ಇಟ್ಟೆ. ಜಾಹೀರಾತು ಬಂದರೆ ಪಾಸ್ ಒತ್ತಬೇಕು ಅಂತ ಬೆರಳು ಅಲ್ಲೇ ಇತ್ತು. 45 ನಿಮಿಷಕ್ಕೆ ಒಂದು ಬದಿ ಮುಗಿಯಿತು, ತಿರುಗಿಸಿ ಹಾಕಿದೆ. ಇನ್ನೊಂದು 45ಕ್ಕೆ ಅದೂ ಮುಗಿಯಿತು, ಎರಡನೇ ಕ್ಯಾಸೆಟ್ ಹಾಕಿದೆ. ಅದರಲ್ಲಿ ಉಳಿದ 21 ನಿಮಿಷ ಬಂತು. ಅಷ್ಟೂ ಹೊತ್ತು ಅಪ್ಪ ಒಂದು ಲೋಟ ನೀರು ಕುಡಿಯಲೂ ಏಳಲಿಲ್ಲ. ಅಜ್ಜಿ ಆ ಎರಡು ಕ್ಯಾಸೆಟ್ ಎಷ್ಟು ಸಲ ಕೇಳಿದರೋ! ಕಣ್ಣು ಸರಿಯಾದ ಮೇಲೂ ಕೇಳುತ್ತಿದ್ದರು.

ಕ್ಯಾಸೆಟ್ಟಿನ ಹಿಂದಿನ ಅಂಚಿನಲ್ಲಿ, ಟೇಪು ಕಾಣುವ ಕಡೆಯಲ್ಲ ಅದರ ಎದುರು ಕಡೆ, ಎರಡು ಮೂಲೆಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತವೆ. ಒಂದೊಂದು ಬದಿಗೆ ಒಂದೊಂದು. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದರೆ ಟಕ್ ಅಂತ ಮುರಿಯುತ್ತದೆ. ಮುರಿದರೆ ಆ ಬದಿಗೆ ರೆಕಾರ್ಡ್ ಬಟನ್ ಕೆಳಗೆ ಹೋಗುವುದೇ ಇಲ್ಲ. ಅಂಗಡಿಯಲ್ಲಿ ಸಿಗುವ ಹಾಡಿನ ಕ್ಯಾಸೆಟ್ಟಿನಲ್ಲಿ ಆ ಜಾಗ ಮೊದಲೇ ಖಾಲಿ ಇರುತ್ತದೆ, ಯಾರೂ ಅಳಿಸದಿರಲಿ ಅಂತ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಮುರಿಯಲಿಲ್ಲ. ಮುಂದೆ ಬೇರೆ ಯಾವುದಕ್ಕಾದರೂ ಬೇಕಾಗಬಹುದು, ಖಾಲಿ ಕ್ಯಾಸೆಟ್ಟಿಗೆ ಸುಮ್ನೆ ಮತ್ತೆ ದುಡ್ಡು ಯಾಕೆ ಅಂತ ಬಿಟ್ಟೆ. ಮುರಿದ ಮೇಲೆ ಬೇಕೆಂದರೂ ಆ ತೂತಿನ ಮೇಲೆ ಸೆಲೋಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಅದೂ ಗೊತ್ತಿತ್ತು. ಅಂದರೆ ಮುರಿದಿದ್ದರೆ ನನಗೆ ನಷ್ಟವೇ ಇರಲಿಲ್ಲ. ಎರಡು ಸೆಕೆಂಡಿನ ಕೆಲಸ. ಇನ್ನೊಂದು ತಪ್ಪು, ‘ಸಿಐಡಿ, ಅಪ್ಪ’ ಅಂತ ಬರೆದದ್ದು ಡಬ್ಬಿಯ ಮೇಲೆ, ಕ್ಯಾಸೆಟ್ಟಿನ ಮೈಮೇಲೆ ಅಲ್ಲ. ಡಬ್ಬಿಗಳು ಅದಲು ಬದಲಾಗುತ್ತವೆ ಅನ್ನುವುದು ಯಾರಿಗೆ ಗೊತ್ತಿಲ್ಲ?

ಅಜ್ಜಿ 2006ರ ಮಳೆಗಾಲದಲ್ಲಿ ತೀರಿಕೊಂಡರು. ಅವರ ಸಾಮಾನಿನ ಜೊತೆ ಕ್ಯಾಸೆಟ್ ನಮ್ಮ ಮನೆಗೆ ಬಂದು ಶೆಲ್ಫ್ ಸೇರಿತು. ಮರುವರ್ಷ ನನಗೆ ಕೆಲಸದ ಇಂಟರ್‌ವ್ಯೂ ಇತ್ತು. ಇಂಗ್ಲಿಷಿನಲ್ಲಿ ಉತ್ತರ ಹೇಳಿ ರೆಕಾರ್ಡ್ ಮಾಡಿ ಕೇಳಿಸಿಕೋ, ತಪ್ಪು ಗೊತ್ತಾಗುತ್ತದೆ ಅಂತ ಯಾರೋ ಹೇಳಿದರು. ಕೈಗೆ ಸಿಕ್ಕ ಕ್ಯಾಸೆಟ್ ಹಾಕಿದೆ. ಮೂರು ದಿನ ಎರಡೂ ಬದಿಯಲ್ಲಿ ನನ್ನ ಹೆಸರು, ನನ್ನ ಓದು, ನನ್ನ ಹವ್ಯಾಸ. ಕೆಲಸ ಸಿಕ್ಕಿತು. ಬೆಂಗಳೂರಿಗೆ ಹೋದೆ.

ಅಪ್ಪ 2009ರಲ್ಲಿ ಹೋದರು. ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಅಮ್ಮ ‘ಅವರ ಟೇಪು ಇತ್ತಲ್ಲ, ಹಾಕು’ ಅಂದರು. ಹುಡುಕಿ ತಂದು ಹಾಕಿದೆ. ನನ್ನ ದನಿ ಬಂತು. ತಿರುಗಿಸಿ ಹಾಕಿದೆ. ಮತ್ತೆ ನನ್ನ ದನಿ. ಅಮ್ಮ ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದರು. ರಿಪೇರಿ ಮಾಡುವವರ ಹತ್ತಿರ ತೆಗೆದುಕೊಂಡು ಹೋದೆ. ರೆಕಾರ್ಡ್ ಮಾಡುವ ಹೆಡ್ಡಿಗಿಂತ ಮುಂಚೆ ಅಳಿಸುವ ಹೆಡ್ ಒಂದಿರುತ್ತದೆ, ಟೇಪು ಮೊದಲು ಅದನ್ನು ದಾಟಿಯೇ ಬರುವುದು, ಹಳೆಯದನ್ನು ಒರೆಸಿದ ಮೇಲೇ ಹೊಸದು ಕೂರುತ್ತದೆ, ವಾಪಸ್ ತೆಗೆಯಲು ಆಗುವುದಿಲ್ಲ ಅಂತ ಅವರು ಬಿಡಿಸಿ ಹೇಳಿದರು. ನಾನು ಒಂದಲ್ಲ, ಮೂರು ಅಂಗಡಿಯಲ್ಲಿ ಕೇಳಿದೆ.

ಎರಡನೇ ಕ್ಯಾಸೆಟ್ ಉಳಿದಿತ್ತು. ಅತ್ತೆಯ ಮನೆಯ ಟೇಪ್‌ರೆಕಾರ್ಡರಿನ ಒಳಗೇ ಇತ್ತು, ಅಜ್ಜಿ ಕೊನೆಗೆ ಕೇಳಿ ಬಿಟ್ಟದ್ದು. ಹಾಗಾಗಿ 111 ನಿಮಿಷದಲ್ಲಿ ನಮಗೆ ಸಿಕ್ಕಿದ್ದು 21.

ಈಗ ನಿಮ್ಮ ವಿಷಯ. ನೀವು ಸೇರಿಸಬೇಕು ಅಂತಿರುವುದು ಎಲ್ಲೂ ಕಳೆದುಹೋಗಿಲ್ಲ. ಹಳೆಯ ಎಪಿಸೋಡ್‌ಗಳು ಸೋನಿ ಲಿವ್‌ನಲ್ಲಿ, ಯೂಟ್ಯೂಬಿನಲ್ಲಿ ರಾಶಿ ರಾಶಿ ಇವೆ. 2018ರ ಅಕ್ಟೋಬರಿನಲ್ಲಿ ನಿಂತದ್ದು 2024ರ ಡಿಸೆಂಬರಿನಲ್ಲಿ ಮತ್ತೆ ಶುರುವೂ ಆಯಿತು. ಅದನ್ನು ಕಾಪಾಡುವವರು ಬೇರೆ ಇದ್ದಾರೆ. ನಿಮ್ಮ ಅಪ್ಪ ನೋಡುತ್ತಾ ನೋಡುತ್ತಾ ಏನು ಹೇಳುತ್ತಾರೆ ಅನ್ನುವುದು ಮಾತ್ರ ಯಾವ ಆ್ಯಪ್‌ನಲ್ಲೂ ಇಲ್ಲ. ಹಾರ್ಡ್ ಡಿಸ್ಕ್ ಕೊಟ್ಟರೆ ಅವರು ಒಬ್ಬರೇ ಕೂತು ನೋಡುತ್ತಾರೆ. ಹೊತ್ತು ಹೋಗುತ್ತದೆ, ನಿಜ. ಆದರೆ ಅವರಿಗೆ ಬೇಕಾಗಿರುವುದು ಹೊತ್ತು ಹೋಗುವುದಾ?

ವಾರಕ್ಕೆ ಒಂದು ಎಪಿಸೋಡ್ ಸಾಕು. ನೀವೂ ಪಕ್ಕದಲ್ಲಿ ಕೂರಿ. ಫೋನಿನಲ್ಲಿ ರೆಕಾರ್ಡರ್ ಆನ್ ಮಾಡಿ, ಅಪ್ಪನಿಗೆ ಹೇಳಿಯೇ ಆನ್ ಮಾಡಿ, ಟಿವಿಗಿಂತ ಅವರಿಗೆ ಹತ್ತಿರ ಇಟ್ಟು ಮರೆತುಬಿಡಿ. ಕರೆ ಬಂದು ನಡುವೆ ನಿಲ್ಲಬಾರದು, ಅದಕ್ಕೆ ಮೊದಲೇ ಫ್ಲೈಟ್ ಮೋಡ್‌ಗೆ ಹಾಕಿ. ‘ಅಪ್ಪಾ, ನಿಮ್ಮ ಹಳೇ ಕಥೆ ಹೇಳಿ’ ಅಂತ ಮಾತ್ರ ದಯವಿಟ್ಟು ಕೂರಿಸಬೇಡಿ. ಹಾಗೆ ಕೇಳಿದರೆ ನಮ್ಮ ಅಪ್ಪಂದಿರು ಗಂಟಲು ಸರಿಮಾಡಿಕೊಂಡು ಭಾಷಣದ ಹಾಗೆ ನಾಲ್ಕು ಮಾತು ಹೇಳಿ ನಿಲ್ಲಿಸುತ್ತಾರೆ. ಟಿವಿ ಓಡುತ್ತಿರಬೇಕು, ಕೊಲೆಗಾರ ಇವನೇ ಅಂತ ಅವರು ಬೆರಳು ತೋರಿಸಬೇಕು, ನೀವು ಅಲ್ಲ ಅನ್ನಬೇಕು. ಆಗ ಮಾತು ತಾನಾಗಿ ಬರುತ್ತದೆ. ಆ ರಾತ್ರಿಯೇ ಫೈಲಿಗೆ ತಾರೀಖು ಹಾಕಿ ಹೆಸರಿಡಿ. ಒಂದು ಕಾಪಿ ಕಂಪ್ಯೂಟರಿನಲ್ಲಿ, ಇನ್ನೊಂದು ಅಣ್ಣನೋ ತಂಗಿಯೋ ಯಾರಾದರೂ ಇದ್ದರೆ ಅವರ ಹತ್ತಿರ. ಫೋನಿನಲ್ಲೇ ಇರಲಿ ಅಂತ ಬಿಡಬೇಡಿ, ಫೋನ್ ಬದಲಾಗುತ್ತದೆ. ನಿಮ್ಮ ಆ ಹಾರ್ಡ್ ಡಿಸ್ಕ್ ಇದಕ್ಕೆ ಬೇಕಾದರೆ ಬಳಸಿ.

ಯಾವ ಎಪಿಸೋಡಿನಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಅಪ್ಪನನ್ನೇ ಕೇಳಿ. ಹೆಸರು ನೆನಪಿರುವುದಿಲ್ಲ, ‘ಅದೇ, ಆ ಬಾವಿಯಲ್ಲಿ ಹೆಣ ಸಿಗುತ್ತದಲ್ಲ’ ಅಂತ ಏನೋ ಶುರು ಮಾಡುತ್ತಾರೆ. ಅದನ್ನು ಹುಡುಕುವುದರಲ್ಲೇ ಒಂದು ಸಂಜೆ ಕಳೆಯಲಿ.

2023ರ ಡಿಸೆಂಬರಿನಲ್ಲಿ ಫ್ರೆಡ್ರಿಕ್ಸ್ ಪಾತ್ರ ಮಾಡಿದ ದಿನೇಶ್ ಫಡ್ನಿಸ್ ತೀರಿಕೊಂಡ ಸುದ್ದಿ ಓದಿದ ರಾತ್ರಿ ನಾನು ಆ 21 ನಿಮಿಷ ಹಾಕಿ ಕೇಳಿದೆ. ಈಗ ಅದು ನಾಲ್ಕು ಕಡೆ ಕಾಪಿ ಆಗಿದೆ. ಹಿಂದಿ ಮಾತು, ಅದರ ಬೆನ್ನಿಗೇ ಅಪ್ಪನ ತುಳು. ನಡುವೆ ಎಲ್ಲೋ ಅಮ್ಮ ಬಾಗಿಲಿಗೆ ಚಿಲಕ ಹಾಕುವ ಸದ್ದು. ಎಪಿಸೋಡ್ ಮುಗಿದ ಮೇಲೆ ಅಪ್ಪ ಟೇಪ್‌ರೆಕಾರ್ಡರಿನ ಹತ್ತಿರ ಬಗ್ಗಿರಬೇಕು, ದನಿ ಒಮ್ಮೆಲೇ ಜೋರಾಗುತ್ತದೆ. ಅಜ್ಜಿಗೆ ಹೇಳುತ್ತಾರೆ, ಮುಗಿಯಿತು, ಇನ್ನು ಕಣ್ಣಿಗೆ ಮದ್ದು ಹಾಕಿಸಿಕೊಂಡು ಮಲಗಿ ಅಂತ. ಆಮೇಲೆ ನಾನು ಸ್ಟಾಪ್ ಒತ್ತಿದ ಸದ್ದು.